ನೀಲಗಂಗಮ್ಮನ ಎಡಗಾಲು

ಒದೆಸಿಕೊಂಡವನು ಸುಮ್ಮನಿದ್ದ, ಒದ್ದವಳೇ “ಅಯ್ಯಯ್ಯೋ, ಸತ್ತೆ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡಳು.

ಹೊಳೆನರಸೀಪುರದಲ್ಲಿ ಇಂಥದ್ದು ಹಿಂದೆ ನಡೆದದ್ದೇ ಇಲ್ಲ. ನೀಲಗಂಗಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಮೂರು ಸಲ ತುಳಿದರೆ ಹಿಡಿದುಕೊಂಡ ಸೊಂಟ ಬಿಡುತ್ತದೆಂದು ಸುತ್ತಲ ಊರಿಗೆಲ್ಲ ಗೊತ್ತು. ಅದಕ್ಕೊಂದು ಕಟ್ಟುಪಾಡೂ ಉಂಟು: ಅವಳು ಬೆಳಗ್ಗೆ ಎದ್ದು ಇಡುವ ಎಡಗಾಲಿನ ಮೊದಲ ಹೆಜ್ಜೆಯೇ ರೋಗಿಯ ಸೊಂಟದ ಮೇಲೆ ಬೀಳಬೇಕು. ನಲವತ್ತು ವರ್ಷದಿಂದ ಸಾಹುಕಾರರು, ಶ್ಯಾನುಭೋಗರು, ಮೀಸೆ ತಿರುವುವ ಪೈಲ್ವಾನರು ಎಲ್ಲರೂ ಕೋಳಿ ಕೂಗುವ ಹೊತ್ತಿಗೇ ಬಂದು ಅವಳ ಮಂಚದ ಪಕ್ಕ ಬೋರಲು ಬಿದ್ದಿದ್ದಾರೆ. ಈ ದಿನ ಬಿದ್ದಿದ್ದವನು ಹಳ್ಳಿಮೈಸೂರಿನ ಗುಂಡಯ್ಯ.

“ಇದೇನವ್ವಾ, ಒದೆ ತಿಂದೋನು ನಾನು, ಕೂಗ್ಕೊಳ್ಳೋಳು ನೀನು!” ಎಂದು ಅವನು ಮಲಗಿದ್ದಲ್ಲಿಂದಲೇ ಕೇಳಿದ. ಅವಳು ಇನ್ನೊಮ್ಮೆ ಕಾಲೆತ್ತಿದಳು, ಆಗಲಿಲ್ಲ. ಗುಂಡಯ್ಯ ಬಗ್ಗಿಕೊಂಡೇ ಬಂದಿದ್ದ, ಬಗ್ಗಿಕೊಂಡೇ ಇದ್ದಿಲಿನಿಂದ ಓಡುವ ಬಸ್ಸು ಹತ್ತಿದ. ಅವನ ಜೊತೆಗೆ ಸುದ್ದಿಯೂ ಹತ್ತಿತು: ನೀಲಗಂಗಮ್ಮನ ಕಾಲಿನ ಗುಣ ಹೋಯ್ತಂತೆ!

ಆ ಮಾತು ಅವಳ ಎದೆಗೇ ಒದ್ದಿತು. ನಾಲ್ಕು ತಿಂಗಳಿಂದ ಹಿಮ್ಮಡಿ ನೋವನ್ನು ಹಲ್ಲು ಕಚ್ಚಿ ಮುಚ್ಚಿಟ್ಟಿದ್ದಳು. ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಕಿ, ಯಾರಿಗೂ ಕಾಣದಂತೆ ಹಿತ್ತಿಲಲ್ಲಿ ಕಾಲೂರಿ ನಿಂತಿದ್ದಳು. ಎಲ್ಲ ನೀರಿನಲ್ಲಿ ಹೋಮ. ಸೊಸೆ ಸುವರ್ಣಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಕೈಹಿಡಿದು, ಪೇಟೆಬೀದಿಯಲ್ಲಿ ಹೊಸದಾಗಿ ಬಾಗಿಲು ತೆರೆದಿದ್ದ ಡಾಕ್ಟರು ಪಾಲಾಕ್ಷನ ಮುಂದೆ ಕೂರಿಸಿಯೇಬಿಟ್ಟಳು.

“ಯಾವಾಗಮ್ಮ ನೋವು ಜಾಸ್ತಿ?”

“ಎದ್ದು ಇಡೋ ಮೊದಲ್ನೇ ಹೆಜ್ಜೇಲಿ ಕಣಪ್ಪ, ಮೊಳೆ ತುಳಿದಂಗೆ. ಎರಡು ಕೊಡ ನೀರು ತರೋಷ್ಟರಲ್ಲಿ ತಾನೇ ಕಮ್ಮಿಯಾಗ್ತದೆ. ನಲವತ್ತು ವರ್ಷ ಬಿಡಿಸಿದ ಜನರ ಹಿಡಿತವೆಲ್ಲ ನನ್ನ ಹಿಮ್ಮಡೀಲೇ ಬಂದು ಕೂತ್ಕೊಂಡದೆ.” ಅವಳ ಕಣ್ಣು ತುಂಬಿತು.

ಪಾಲಾಕ್ಷ ಬಿದ್ದು ಬಿದ್ದು ನಕ್ಕ. “ಯಾರ ಹಿಡಿತವೂ ನಿಮ್ಮ ಕಾಲಿಗೆ ಇಳಿದಿಲ್ಲಮ್ಮ. ಅಂಗಾಲಲ್ಲಿ ಹಿಮ್ಮಡಿಯಿಂದ ಬೆರಳಿನವರೆಗೆ ಒಂದು ಗಟ್ಟಿ ನಾರಿನ ಪಟ್ಟಿ ಇದೆ. ಬರಿಗಾಲಲ್ಲಿ ಕಲ್ಲುಚಪ್ಪಡಿ ಮೇಲೆ ನಿಂತೂ ನಿಂತೂ ಅದು ನೊಂದಿದೆ. ರಾತ್ರಿಯೆಲ್ಲ ಮುದುಡಿಕೊಂಡಿರುತ್ತೆ, ಬೆಳಗ್ಗೆ ದಿಢೀರನೆ ಭಾರ ಬಿಟ್ಟರೆ ಜಗ್ಗಿ ನೋಯುತ್ತೆ. ಓಡಾಡಿದ ಮೇಲೆ ಸಡಿಲ ಆಗುತ್ತೆ. ನೀವೋ, ಸರಿಯಾಗಿ ಅದು ಮುದುಡಿರೋ ಹೊತ್ತಲ್ಲೇ ಒದೀತೀರಿ!”

“ಹಂಗಾದ್ರೆ ಏನ್ಮಾಡ್ಬೇಕು?” ಎಂದಳು ಸುವರ್ಣಮ್ಮ.

“ಎದ್ದ ಕೂಡಲೇ ಕಾಲಿಡಬಾರದು. ಹಾಸಿಗೇಲೇ ಕೂತು, ಕಾಲ್ಬೆರಳು ಹಿಡಿದು ಮೊಣಕಾಲ ಕಡೆಗೆ ಮೆತ್ತಗೆ ಹತ್ತು ಸಲ ಎಳ್ಕೊಳ್ಳಲಿ. ಸಂಜೆ ಹೊತ್ತು ಕೂತ್ಕೊಂಡು, ತಣ್ಣೀರು ತುಂಬಿ ಬಿರಡೆ ಹಾಕಿದ ಸೀಸೇನ ಅಂಗಾಲಡಿ ಉರುಳಿಸಲಿ. ಒನಕೆ ಹಿಡಿದು ಕುಟ್ಟುವಾಗ ಕಾಲಡಿ ಗೋಣಿಚೀಲ ಮಡಿಸಿ ಹಾಕಿ. ಎರಡು ಮೂರು ತಿಂಗಳು ಬಿಡದೆ ಮಾಡಬೇಕು.”

“ಬೆರಳು ಎಳ್ಕೊಂಡು ಕೂತ್ರೆ ಎದ್ದ ಕಾಲಿನ ಗುಣ ಹೋಗಲ್ವೇನಪ್ಪ?” ಎಂದಳು ನೀಲಗಂಗಮ್ಮ.

“ಗುಣವಂತೆ! ಅದೆಲ್ಲ ಬರೀ ನಂಬಿಕೆ, ಬಿಡಿ. ನೋವಿರೋ ಜಾಗ ತೋರಿಸ್ತೀನಿ ನೋಡಿ,” ಎಂದು ಪಾಲಾಕ್ಷ ನಿಂತಲ್ಲೇ ಬಗ್ಗಿ, ಹೆಬ್ಬೆರಳಿನಿಂದ ಹಿಮ್ಮಡಿಯ ಒಳಮಗ್ಗುಲನ್ನು ಒತ್ತಿದ. “ಅಮ್ಮಾ!” ಎಂದು ಕಿರುಚಿ ಅವಳು ಕಾಲು ಜಾಡಿಸಿದಳು. ಪೆಟ್ಟು ತಪ್ಪಿಸಿಕೊಳ್ಳಲು ಅವನು ಸರಕ್ಕನೆ ಪಕ್ಕಕ್ಕೆ ತಿರುಗಿದ. ತಿರುಗಿದವನು ಮತ್ತೆ ಮೇಲೇಳಲಿಲ್ಲ.

“ಏನಾಯ್ತು, ಡಾಕ್ಟ್ರೇ?”

“ಸೊಂಟ...” ನೆಲ ನೋಡುತ್ತಲೇ ಪಾಲಾಕ್ಷ ನರಳಿದ. “ಹಿಡ್ಕೊಂಡ್ಬಿಡ್ತು.”

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿದಾಗ ಡಾಕ್ಟರಿಗೆ ನಾಚಿಕೆ ಬಿಟ್ಟುಹೋಯಿತು. “ಅಮ್ಮಾ, ಒಂದ್ಸಲ ತುಳೀರಮ್ಮಾ!”

“ನಾನೆಂಗೆ ತುಳೀಲಿ? ಇದು ಎದ್ದ ಕಾಲಲ್ಲ, ಊರೆಲ್ಲ ತುಳಿದು ಬಂದ ಕಾಲು. ಗುಣ ಇರಲ್ಲ.”

“ಇರುತ್ತೆ!”

“ಬರೀ ನಂಬಿಕೆ ಅಂದ್ರಲ್ಲ?”

“ನಂಬ್ತೀನಿ ತಾಯಿ, ತುಳೀರಿ!”

ನೀಲಗಂಗಮ್ಮ ಎದ್ದಳು. ಈಗಲೂ ಬಿಡದಿದ್ದರೆ ಈ ಕಾಲಿಗೂ ಕಾಲುಮಣೆಗೂ ಏನು ವ್ಯತ್ಯಾಸ? ಸೊಸೆಯ ಹೆಗಲು ಹಿಡಿದು, ಡಾಕ್ಟರ ಬೆನ್ನ ಹಿಂದೆ ಹೋಗಿ, ಮನೆದೇವರನ್ನು ನೆನೆದು ಎಡಗಾಲೆತ್ತಿದಳು. ಒಂದು. ಹಿಮ್ಮಡಿ ಚುರ್ ಎಂದಿತು, ಆದರೆ ಬೆಳಗಿನ ಆ ಮೊಳೆ ಇಲ್ಲ! ಎರಡು. ಮೂರನೆಯದನ್ನು ಸ್ವಲ್ಪ ಧಾರಾಳವಾಗಿಯೇ ಕೊಟ್ಟಳು. ಲಟಕ್ ಎಂದಿತು. ಪಾಲಾಕ್ಷ ಕಂಬದ ಹಾಗೆ ನೆಟ್ಟಗೆ ನಿಂತ.

“ಬಿಡ್ತು ಕಣ್ರತ್ತೆ!” ಎಂದು ಸುವರ್ಣಮ್ಮ ಕುಣಿದೇಬಿಟ್ಟಳು. ನೀಲಗಂಗಮ್ಮ ನಗುತ್ತ, ಅಳುತ್ತ, ತನ್ನ ಎಡಗಾಲನ್ನು ತಾನೇ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಡಾಕ್ಟರು ಮಾತ್ರ ಬಾಗಿಲ ಕಡೆ ನೋಡಿ, “ಯಾರಿಗೂ ಹೇಳ್ಬೇಡಿ,” ಎಂದ.

ಅವರು ಯಾರಿಗೂ ಹೇಳಲಿಲ್ಲ. ಆದರೆ ಎಂಟು ದಿನದ ಮೇಲೆ ಗುಂಡಯ್ಯ ಬಗ್ಗಿಕೊಂಡೇ ಮತ್ತೆ ಅವರ ಮನೆಬಾಗಿಲಿಗೆ ಬಂದ. ಈ ಸಲ ಬಂದದ್ದು ಸೂರ್ಯ ನೆತ್ತಿಗೇರಿದ ಮೇಲೆ. ಡಾಕ್ಟರ ಹತ್ತಿರ ಹೋಗಿದ್ದನಂತೆ. ಅವರು ಕೊಟ್ಟ ಚೀಟಿಯನ್ನು ಸುವರ್ಣಮ್ಮನ ಕೈಗಿತ್ತ. ಅವಳು ಗಟ್ಟಿಯಾಗಿ ಓದಿದಳು:

“ಸೊಂಟ ಹಿಡಿತಕ್ಕೆ: ನೀಲಗಂಗಮ್ಮನವರ ಎಡಗಾಲು, ಮೂರು ಸಲ. ಬೆಳಗಿನ ಮೊದಲ ಹೆಜ್ಜೆ ಬೇಡ.”