ಗಾಲಿಯ ಗುಂಡಿಗಳು

ಒದ್ದೆ ಗೋಣಿಚೀಲದ ವಾಸನೆ ಬಂದರೆ ಈಗಲೂ ನಾನು ಜುಗೂಳದ ನಮ್ಮ ಅಂಗಳದಲ್ಲಿ ನಿಂತಿರುತ್ತೇನೆ.

ಗಾಡಿ ಓಟದ ಶರ್ಯತ್ತಿನಲ್ಲಿ ಓಡುತ್ತಿದ್ದ ನಮ್ಮ ಕುದುರೆಗೆ ಹಿಂಗಾಲು ಊರಲು ಬರುತ್ತಿರಲಿಲ್ಲ. ಮಿರಜಿನ ದನದ ಡಾಕ್ಟರರ ಹತ್ತಿರ ಒಯ್ಯಲು ಪಿಕಪ್ ಬಂದಿತ್ತು. ಯಾವಾಗಲೂ ಒಂದೇ ನೆಗೆತಕ್ಕೆ ಹತ್ತುತ್ತಿದ್ದ ಕುದುರೆಗೆ ಅಂದು ಅದು ಎತ್ತರವಾಯಿತು. ಅಪ್ಪ ರಸ್ತೆಗಿಂತ ಎತ್ತರವಿದ್ದ ಅಂಗಳದ ಅಂಚಿನ ಕೆಳಗೆ, ಹಿಂದಿನ ಗಾಲಿಗಳು ಇಳಿಯುವಂತೆ ಎರಡು ಗುಂಡಿ ತೋಡಿದ. ಡ್ರೈವರ್ ಪಿಕಪ್ಪನ್ನು ಹಿಂದಕ್ಕೆ ಬಿಟ್ಟಾಗ ಅದರ ತಳ ಅಂಗಳಕ್ಕೆ ಸರಿಸಮವಾಯಿತು. ತಗಡಿನ ಮೇಲೆ ಗೊರಸು ಜಾರದಂತೆ ಅಜ್ಜಿ ಒದ್ದೆ ಗೋಣಿಚೀಲ ಹಾಸಿದಳು. ಶರ್ಯತ್ತಿಗೆ ಕಳಿಸುವಾಗ ಹಚ್ಚುವಂತೆ ಕುದುರೆಯ ಹಣೆಗೆ ದೇವರ ಭಂಡಾರದ ಅರಿಶಿನ ಹಚ್ಚಿದಳು. ಅದು ಕಿವಿ ನಿಮಿರಿಸಿತು. ಕುಂಟುತ್ತ ತಾನೇ ಒಳಗೆ ಹೋಯಿತು.

"ಶರ್ಯತ್ತಿಗೆ ಹೊಂಟೇನಿ ಅಂತ ತಿಳಕೊಂಡೈತಿ," ಅಂದ ಅಪ್ಪ.

"ಗುಂಡಿ ಮುಚ್ಚಲೇನಪಾ?" ಅಜ್ಜಿ ಕೇಳಿದಳು.

"ಬ್ಯಾಡ ಬೇ. ಇಳಸಾಕ ಬೇಕಾಕ್ಕಾವ."

ಕೋಳಿಗಳು ಗುಂಡಿಗಳೊಳಗೆ ಮಣ್ಣು ಕೆದರದಂತೆ ನಾನು ಕಾಯುತ್ತ ಕೂತೆ. ಸಂಜೆ ಪಿಕಪ್ ತಿರುಗಿ ಬಂತು; ಹಿಂದೆ ಗೋಣಿಚೀಲವಷ್ಟೇ ಇತ್ತು. ಡ್ರೈವರ್ ಹಿಂದಕ್ಕೆ ಬಿಡಲಿಲ್ಲ, ರಸ್ತೆಯ ಮೇಲೇ ನಿಲ್ಲಿಸಿದ. ಅಪ್ಪ ಇಳಿದು, ಕೈಕಾಲು ಸಹ ತೊಳೆಯದೆ, ಸಲಿಕೆ ಕೇಳಿದ. ಅಜ್ಜಿ ಅದನ್ನು ಗುಂಡಿಗಳ ಹತ್ತಿರ ತಂದುಕೊಟ್ಟಳು.