ಪಂಕ್ತಿಯಲ್ಲಿ ಬಡಿಸಿದ ಬ್ರಹ್ಮಾಂಡ

ಹಸಿವಾಗಿದ್ದರೆ ಮೊದಲು ಊಟ ಮುಗಿಸಿಕೊಂಡು ಬನ್ನಿ... ಆಮೇಲೆ ನಿಧಾನವಾಗಿ ಓದಿ.

ಅರಸೀಕೆರೆ ಕಡೆಯ ಒಂದು ಹೈಸ್ಕೂಲು. ವಿಜ್ಞಾನದ ಸರ್ವಮಂಗಳಾ ಟೀಚರ್‌ಗೆ ಅಂದು ಬೀಳ್ಕೊಡುಗೆ ಸಮಾರಂಭ.

ಟೀಚರ್‌ಗೆ ಒಂದೇ ಒಂದು ಕೊರಗು. ಈ ವಿಶ್ವ ಹೇಗೆ ಹುಟ್ಟಿತು ಎನ್ನುವ ಪಾಠವನ್ನು ಅವರು ಒಮ್ಮೆಯೂ ಮಾಡಿರಲಿಲ್ಲ.

ಯಾಕೆಂದರೆ ಅದು ಪುಸ್ತಕದ ಕಟ್ಟಕಡೆಯ ಪಾಠ. ಎಲ್ಲಕ್ಕಿಂತ ಮೊದಲು ಆದದ್ದು, ಎಲ್ಲಕ್ಕಿಂತ ಕೊನೆಯಲ್ಲಿ...

ಅಲ್ಲಿಗೆ ತಲುಪುವಷ್ಟರಲ್ಲಿ ಪ್ರತಿ ವರ್ಷ ಮಾರ್ಚ್ ಬಂದುಬಿಡುತ್ತಿತ್ತು. ಇದು ಎಕ್ಸಾಮ್‌ಗೆ ಬರುತ್ತಾ ಎಂದು ಮಕ್ಕಳು ಕೇಳುತ್ತಿದ್ದರು. ಬರುವುದಿಲ್ಲ ಎನ್ನುತ್ತಿದ್ದರು ಟೀಚರ್... ಹಾಗಾದರೆ ಮನೆಯಲ್ಲಿ ಓದಿಕೊಳ್ಳಿ. ಅಲ್ಲಿಗೆ ವಿಶ್ವದ ಕಥೆ ಮುಗಿಯಿತು.

ಅದಕ್ಕೇ ಟೀಚರ್ ಹೇಳಿದ್ದರು, ನನಗೆ ಶಾಲು ಬೇಡ, ಹಾರ ಬೇಡ, ಅರ್ಧ ಗಂಟೆ ಕೊಡಿ, ಆ ಪಾಠ ಮಾಡಿ ಹೋಗುತ್ತೇನೆ ಎಂದು. ಹೆಡ್ ಮಾಸ್ಟರ್ ಮರುಳಸಿದ್ದಯ್ಯನವರು ಧಾರಾಳವಾಗಿ ಒಪ್ಪಿದ್ದರು.

ಆದರೆ ನಮ್ಮ ಸಮಾರಂಭಗಳು ನಿಮಗೆ ಗೊತ್ತಲ್ಲ...

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಬೇಡವೆಂದಿದ್ದ ಶಾಲೂ ಬಂತು, ಹಾರವೂ ಬಂತು. "ಎರಡೇ ಮಾತು" ಎಂದು ಮೈಕ್ ಹಿಡಿದವರು ಯಾರೂ ಎರಡಕ್ಕೆ ನಿಲ್ಲಲಿಲ್ಲ.

ಹೆಡ್ ಮಾಸ್ಟರಂತೂ ಸಮಯದ ಬೆಲೆ ಎಷ್ಟು ದೊಡ್ಡದು ಎಂಬುದರ ಬಗ್ಗೆಯೇ ಮುಕ್ಕಾಲು ಗಂಟೆ ಮಾತಾಡಿದರು.

ಕೊನೆಗೂ ಟೀಚರ್ ಮೈಕ್ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡರು... ಅಷ್ಟರಲ್ಲಿ ಅಡುಗೆಯ ಶಿವಲಿಂಗಣ್ಣ ಬಾಗಿಲಲ್ಲಿ ಕಾಣಿಸಿಕೊಂಡ.

"ತಪ್ಪು ತಿಳ್ಕಬ್ಯಾಡಿ ಮೇಡಮ್ನೋರೆ... ಎಲೆ ಹಾಕಾಯ್ತು. ಹೋಳಿಗೆ ಆರೋದ್ರೆ ನನ್ ಹೆಸ್ರು ಹಾಳಾಯ್ತದೆ."

ವಿಶ್ವ ಎಷ್ಟು ವೇಗವಾಗಿ ಹಿಗ್ಗಿತು ಎಂಬುದನ್ನು ಟೀಚರ್ ಓದಿ ತಿಳಿದಿದ್ದರು. ಆದರೆ ಆ ಹಾಲ್ ಖಾಲಿಯಾದ ವೇಗ ನೋಡಿ ಅವರೂ ಬೆರಗಾದರು.

ಮುಂದೆ ಬರೀ ಕುರ್ಚಿಗಳು... ಟೀಚರ್ ಕಣ್ಣಲ್ಲಿ ನೀರು ತುಂಬಿಕೊಂಡಿತು. ಪಾಠ ಈ ಸಲವೂ ಉಳಿದೇ ಹೋಯಿತು.

ಆಗ ಒಂದು ವಿಷಯ ಹೊಳೆಯಿತು.

ನಮ್ಮಲ್ಲಿ ಪಂಕ್ತಿಗೆ ಕೂತವರು, ಎಲ್ಲರ ಊಟ ಮುಗಿಯುವವರೆಗೆ ಎಲೆ ಬಿಟ್ಟು ಏಳುವಂತಿಲ್ಲ. ಇದಕ್ಕಿಂತ ಒಳ್ಳೆಯ ಕ್ಲಾಸ್ ಎಲ್ಲಿ ಸಿಗುತ್ತದೆ?

ಟೀಚರ್ ಸೆರಗು ಸಿಕ್ಕಿಸಿಕೊಂಡು ನೇರವಾಗಿ ಊಟದ ಶೆಡ್ಡಿಗೆ ನಡೆದರು. ಬಡಿಸುವವನ ಕೈಯಿಂದ ಉಪ್ಪಿನ ಬಟ್ಟಲು ತೆಗೆದುಕೊಂಡು ತಾವೇ ಎಲೆ ಎಲೆಗೂ ಉಪ್ಪು ಬಡಿಸಿದರು.

"ಎಲ್ಲರೂ ಎಲೆ ನೋಡಿ. ಈ ಆಕಾಶ, ನಕ್ಷತ್ರ, ಭೂಮಿ, ಅಲ್ಲಿ ಕೂತಿರೋ ನಿಮ್ಮ ಹೆಡ್ ಮಾಸ್ಟ್ರು... ಇದೆಲ್ಲಾ ಆಗೋಕೆ ಬೇಕಾದ್ದೆಲ್ಲ ಒಂದು ಕಾಲದಲ್ಲಿ ಈ ಉಪ್ಪಿನ ಹರಳಿಗಿಂತ ಚಿಕ್ಕ ಜಾಗದಲ್ಲಿತ್ತು."

ಮಕ್ಕಳು ಉಪ್ಪು ನೋಡಿದರು... ಹೆಡ್ ಮಾಸ್ಟರ ಹೊಟ್ಟೆ ನೋಡಿದರು... ಇಡೀ ಸಾಲು ನಗು ತಡೆಯಲಾಗದೆ ಅಲುಗಾಡಿತು.

ಆ ಚಿಕ್ಕ ಜಾಗದ ಬಿಸಿ ಅಷ್ಟಿಷ್ಟಲ್ಲ, ಒಲೆಯ ಮೇಲಿನ ಎಣ್ಣೆ ಅದರ ಮುಂದೆ ತಣ್ಣೀರು ಎಂದರು ಟೀಚರ್. ಕೋಸಂಬರಿ ಬರುವ ಹೊತ್ತಿಗೆ ವಿಶ್ವ ಹಿಗ್ಗಿ ಸ್ವಲ್ಪ ಆರಿತ್ತು.

ಶಿವಲಿಂಗಣ್ಣ ಪಲ್ಯದ ಬಕೆಟ್ ಹಿಡಿದು ಬಂದ. "ಬಿಡ್ಲಾ ಮೇಡಮ್ನೋರೆ?"

"ತಡಿ ಶಿವಲಿಂಗಣ್ಣ, ಇನ್ನೂ ನಕ್ಷತ್ರ ಹುಟ್ಟಿಲ್ಲ."

ಅವನು ಬಕೆಟ್ ಸಮೇತ ಹಾಗೇ ನಿಂತ. ನಕ್ಷತ್ರ ಹುಟ್ಟಿದ ಮೇಲೆಯೇ ಪಲ್ಯ ಬಿತ್ತು.

ತುಪ್ಪ ಬರುವವರೆಗೆ ಹಳೆಯ ಕಾಲದವರ ಮಾತು. ವಿಶ್ವ ಚಿನ್ನದ ಮೊಟ್ಟೆಯಿಂದ ಬಂತು ಎಂದವರಿದ್ದರು, ನೀರಿನಿಂದ ಬಂತು ಎಂದವರಿದ್ದರು. ಇದಕ್ಕೆ ಆದಿಯೇ ಇಲ್ಲ, ಯಾವಾಗಲೂ ಹೀಗೇ ಇತ್ತು ಎಂದು ಹಠ ಹಿಡಿದ ದೊಡ್ಡ ವಿಜ್ಞಾನಿಗಳೂ ಇದ್ದರು.

ಸಾರು ಮುಗಿದು ಹುಳಿ ಬಂದಾಗ ಸೂರ್ಯ ಹುಟ್ಟಿದ, ಬೆನ್ನಿಗೇ ಭೂಮಿ. ಹುಳಿಯೊಳಗಿನ ಸೊಪ್ಪಿನ ಕಬ್ಬಿಣ ಯಾವುದೋ ನಕ್ಷತ್ರದ ಹೊಟ್ಟೆಯಲ್ಲಿ ಬೆಂದದ್ದು ಎಂದಾಗ ಮಕ್ಕಳು ಹುಳಿಯನ್ನು ಎರಡನೇ ಸಲ ಹಾಕಿಸಿಕೊಂಡರು.

ಹೋಳಿಗೆಯ ಜೊತೆ ಕಣ್ಣಿಗೆ ಕಾಣದ ಮೊದಲ ಜೀವ. ಡೈನೋಸಾರ್‌ಗಳು ಮಜ್ಜಿಗೆ ಅನ್ನಕ್ಕೆ ಬಂದು, ಅದು ಮುಗಿಯುವುದರೊಳಗೆ ಹೋಗಿಯೂಬಿಟ್ಟವು. ಪಿಟಿ ಮಾಸ್ಟರ್‌ಗೆ ಬಹಳ ಬೇಜಾರಾಯಿತು.

ಎಲ್ಲರ ಎಲೆ ಖಾಲಿಯಾಗಿತ್ತು. ಟೀಚರ್ ಮೆಲ್ಲಗೆ ಹೇಳಿದರು.

"ಈಗ ನಿಮ್ಮ ಬೆರಳ ತುದೀಲಿ ಉಳಿದಿದೆಯಲ್ಲ, ಒಂದು ಹನಿ ಮಜ್ಜಿಗೆ... ನಾವು ಮನುಷ್ಯರು ಬಂದಿದ್ದು ಅಲ್ಲಿ. ರಾಜರು, ಯುದ್ಧ, ನಮ್ಮ ಭಾಷಣ, ಎಲ್ಲಾ ಅಷ್ಟರಲ್ಲೇ."

ಯಾರೂ ಆ ಬೆರಳು ನೆಕ್ಕಲಿಲ್ಲ. ನೋಡುತ್ತಾ ಕೂತರು.

ಅಭ್ಯಾಸಬಲದಿಂದ ಟೀಚರ್ ಕೇಳಿದರು, ಏನಾದರೂ ಡೌಟ್ ಇದೆಯಾ? ಇಷ್ಟು ವರ್ಷವೂ ಕೇಳಿದ್ದರು. ಯಾವತ್ತೂ ಯಾರೂ ಬಾಯಿ ಬಿಟ್ಟಿರಲಿಲ್ಲ.

ಒಂದು ಕೈ ಮೇಲೆದ್ದಿತು. ಎಡಗೈ... ಬಲಗೈ ಎಂಜಲಾಗಿತ್ತಲ್ಲ.

ಅದು ಹೆಡ್ ಮಾಸ್ಟರ್ ಕೈ.

"ಟೀಚರ್..." ದಿನವೂ ಮೇಡಂ ಎನ್ನುತ್ತಿದ್ದವರು ಅಂದು ಮಗುವಿನ ಹಾಗೆ ಟೀಚರ್ ಎಂದರು. "ಉಪ್ಪು ಬಡಿಸೋಕೆ ಮುಂಚೆ... ಎಲೆ ಹಾಕಿದ್ದು ಯಾರು?"

ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಎಲೆ ನೋಡತೊಡಗಿದರು.

"ಗೊತ್ತಿಲ್ಲ ಸರ್. ನಂಗೂ ಗೊತ್ತಿಲ್ಲ... ಪ್ರಪಂಚದಲ್ಲಿ ಯಾರಿಗೂ ಇನ್ನೂ ಗೊತ್ತಿಲ್ಲ."

ಹೇಳುತ್ತಾ ಹೇಳುತ್ತಾ ಟೀಚರ್ ಅತ್ತೇಬಿಟ್ಟರು, ಮುಖದ ತುಂಬ ನಗುತ್ತಾ. ಮಾರ್ಕ್ಸಿಗಲ್ಲದೆ ಬರೀ ತಿಳಿಯುವ ಆಸೆಗೆ ಒಬ್ಬರು ಕೇಳಿದ ಮೊದಲ ಪ್ರಶ್ನೆ ಅದು.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಎಡಗೈ ಎದ್ದಿತು. ಪಕ್ಕದವಳದು... ಪಿಟಿ ಮಾಸ್ಟರದು... ನೋಡನೋಡುತ್ತಿದ್ದಂತೆ ಇಡೀ ಪಂಕ್ತಿಯ ತುಂಬ ಎಡಗೈಗಳು. ಬಲಗೈ ಒಣಗುತ್ತಿದ್ದರೂ ಒಬ್ಬರೂ ಏಳಲಿಲ್ಲ.

ಸಾಲಿನ ಕೊನೆಯಲ್ಲಿ ಒಂದು ಸೌಟೂ ಮೇಲೆದ್ದಿತ್ತು.

"ಕೇಳು ಶಿವಲಿಂಗಣ್ಣ," ಎಂದರು ಟೀಚರ್, ಕಣ್ಣೊರೆಸಿಕೊಂಡು.

"ನಂದೊಂದೇ ಡೌಟು ಮೇಡಮ್ನೋರೆ... ನೀವು ಉಣ್ಣೋದ್ಯಾವಾಗ?"

ಉತ್ತರಗಳು ಪಾಠವನ್ನು ಮುಗಿಸುತ್ತವೆ... ಒಂದು ಒಳ್ಳೆಯ ಪ್ರಶ್ನೆ ಪಾಠವನ್ನು ಶುರುಮಾಡುತ್ತದೆ.

ನನಗೆ ಗೊತ್ತಿಲ್ಲ ಎನ್ನಲು ನಾಚದೆ, ನೀವು ಕೊನೆಯ ಸಲ ಕೈ ಎತ್ತಿದ್ದು ಯಾವಾಗ?