ಉಳಿಸಿಟ್ಟ ಗುಳಿಗೆ

ಅಜೀಜಾಬಿ ಎಲೆಯಡಿಕೆಯ ಡಬ್ಬಿಯನ್ನು ಶಾಂಭವಿಯ ಮುಂದೆ ಬೋರಲು ಹಾಕಿದಳು. ಚಾಪೆಯ ತುಂಬ ಬಿಳಿ ಗುಳಿಗೆಗಳು ಉರುಳಿದವು. ಹೃದಯದ ಬೇನೆಗೆ ಹೊಸ ಔಷಧ ಹುಡುಕುವ ಸಂಶೋಧನೆಗೆ ಸೇರಿದವರು ತೀರಿಕೊಂಡರೆ, ಉಳಿದ ಗುಳಿಗೆ ಎಣಿಸಿ ಒಯ್ಯುವುದು ಶಾಂಭವಿಯ ಕೆಲಸ. ಅಜೀಜಾಬಿಯ ಗಂಡ ಮಕ್ತುಮಸಾಬರ ನಲವತ್ತನೆಯ ದಿನ ಮೊನ್ನೆ ಮುಗಿದಿತ್ತು. ನಾಲ್ಕು ಗುಳಿಗೆ ಉಳಿದಿರಬೇಕಾದಲ್ಲಿ ನೂರಕ್ಕೂ ಹೆಚ್ಚಿದ್ದವು.

“ದಿನ ಬಿಟ್ಟು ದಿನ ಕೊಟ್ಟೇನ್ರಿ ಅಕ್ಕಾರ. ಮುಂದ ಎಂದರ ನೀವು ಬರೂದು ನಿಂತ್ರ ಈ ಗುಳಿಗಿ ಎಲ್ಲಿ ಸಿಗ್ತಾವ ಅಂತ ಉಳಿಸಿ ಇಟ್ಟೆ. ನಾನ ಕೊಂದ್ನೇನ್ರಿ ಅವರನ್ನ?”

ಶಾಂಭವಿಯ ಚೀಲದಲ್ಲಿ ಸಂಶೋಧನೆಯವರಿಂದ ಅಂದೇ ಬಂದ ಪತ್ರವಿತ್ತು. ಹೋಲಿಸಿ ನೋಡಲೆಂದು ಅರ್ಧ ಜನರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟಿದ್ದರು. ಮಕ್ತುಮಸಾಬರು ಆ ಅರ್ಧದಲ್ಲಿದ್ದರೆಂದು ಅದರಲ್ಲಿ ಬರೆದಿತ್ತು. ಹೀಗೂ ಆಗಬಹುದೆಂದು, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ದಿನ ಶಾಂಭವಿಯೇ ಓದಿ ಹೇಳಿದ್ದಳು, ಗಡಿಬಿಡಿಯಲ್ಲಿ.

“ಇಲ್ರಿ ಚಾಚಿ. ಇದರಾಗ ಔಷಧನ ಇರಲಿಲ್ಲ. ದಿನಾ ಕೊಟ್ಟಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ.”

ಅಜೀಜಾಬಿಯ ಬಿಗಿದ ಹೆಗಲು ಸಡಿಲಾಯಿತು. ಆಮೇಲೆ ಒಂದು ಗುಳಿಗೆಯನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ಬಿಸ್ಮಿಲ್ಲಾ ಅಂದು ನುಂಗಿದ ಕೂಡ್ಲೆ, ಎದಿ ಹಗುರಾತು ನೋಡು ಅಂತಿದ್ರಲ್ರಿ ಅವರು.”